ಅಳೆಯುವ ಕೊಳಗ ಯಾರದು?



ನಾವು ಇಂದು ಕೂಡಿರುವ ಶಿವಮೊಗ್ಗದ ಈ ಗೋಪಾಳದ ಹೆಸರಿಗೂ, ನೆರೆಯ ಗೋಪಾಲಗೌಡ ಬಡಾವಣೆಯ ಹೆಸರಿಗೂ ಕೇಳುವ ಕಿವಿಗೆ ಹೆಚ್ಚಿನ ಅಂತರ ತೋರದು. ಹೊರಊರಿನಿಂದ ಬಂದವರು ಆಟೋದವನಿಗೆ ಒಂದನ್ನು ಹೇಳಿ ಇನ್ನೊಂದರಲ್ಲಿ ಇಳಿಯುವುದೂ ಉಂಟು. ಆದರೆ ಮೊದಲನೆಯದು ಊರಿನ ಹೆಸರು, ಎರಡನೆಯದು ಒಬ್ಬ ಮನುಷ್ಯನ ಹೆಸರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಳಿಯ ಶಾಂತವೇರಿಯಲ್ಲಿ 1923ರ ಮಾರ್ಚ್ 14ರಂದು ಹುಟ್ಟಿ, 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡ ಆ ಮನುಷ್ಯನು ಯಾವ ಮಂತ್ರಿಪದವಿಯನ್ನೂ ವಹಿಸಿದವನಲ್ಲ. ಅವನು ಶಂಕುಸ್ಥಾಪನೆ ಮಾಡಿದ ಕಟ್ಟಡವನ್ನು ತೋರಿಸಿರೆಂದರೆ ನಾವು ತೋರಿಸಲಾರೆವು. ಮೂರು ಅವಧಿಗಳಲ್ಲಿ ವಿಧಾನಸಭೆಯ ವಿರೋಧಪಕ್ಷದ ಪೀಠಗಳಲ್ಲಿ ಕುಳಿತು, ಎದುರಿನ ಪೀಠಗಳಲ್ಲಿದ್ದವರನ್ನು ಪ್ರಶ್ನೆ ಕೇಳಿದ್ದೇ ಶಾಂತವೇರಿ ಗೋಪಾಲಗೌಡರು ಮಾಡಿದ ಕಾರ್ಯ. ಪ್ರಶ್ನೆ ಕೇಳಿದವನ ಹೆಸರನ್ನು ಒಂದು ಊರು ತನ್ನ ಬಡಾವಣೆಗೆ ಇರಿಸಿಕೊಂಡಿತೆಂಬುದು ಸಾಮಾನ್ಯ ಸಂಗತಿಯಲ್ಲವೆಂದು ನನಗೆ ಬಹುಕಾಲದಿಂದ ತೋರುತ್ತಿದ್ದುದರಿಂದ, ಈ ಉಪನ್ಯಾಸಕ್ಕೆ ಅದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ವಿಷಯವನ್ನು ಪ್ರವೇಶಿಸುವ ಮುನ್ನ ತಮ್ಮೆದುರಿಗೆ ಒಂದು ವಸ್ತುವನ್ನು ಇರಿಸಬೇಕಾಗಿದೆ. ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ಅಡಕೆ ಸುಲಿಯುವ ಮೆಟ್ಟುಗತ್ತಿಯ ಪಕ್ಕದಲ್ಲಿ, ಮರದ ಕೊಳಗವೊಂದಿತ್ತು. ಒಂದೇ ದಿಮ್ಮಿಯಿಂದ ಕೊರೆದು ಮಾಡಿದ್ದು. ಬಾಯಿಯ ಸುತ್ತ ಕಬ್ಬಿಣದ ಪಟ್ಟಿ. ಕೈ ಹಿಡಿದು ಹಿಡಿದು ಹೊರಮೈ ನುಣುಪಾಗಿ ಕರಿದಾಗಿತ್ತು. ಬತ್ತವನ್ನು ಅದರ ಬಾಯಿಮಟ್ಟಕ್ಕೆ ಸವರಿ ಅಳೆದರೆ ಒಂದು ಲೆಕ್ಕ, ರಾಶಿಯೇರುವಂತೆ ತುಂಬಿ ಅಳೆದರೆ ಇನ್ನೊಂದು ಲೆಕ್ಕ. ಕುಲುಕಿ ತುಂಬಿದರೆ ಒಂದಿಷ್ಟು ಹೆಚ್ಚು ಹಿಡಿಯುತ್ತದೆ, ಮೆಲ್ಲನೆ ಸುರಿದರೆ ಕಡಿಮೆ. ಚಿಕ್ಕಂದಿನಲ್ಲಿ ನಾವು ಅದನ್ನು ಬೋರಲು ಹಾಕಿ ಮೇಲೆ ಕುಳಿತು ಆಡುತ್ತಿದ್ದೆವು. ಅದರ ಅಳತೆಯ ವಿಷಯವಾಗಿ ಮನುಷ್ಯರು ಸೆರೆಮನೆಗೆ ಹೋಗಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಕಥೆಯನ್ನು ಈ ಜಿಲ್ಲೆಯವರಿಗೆ ವಿವರಿಸಿ ಹೇಳುವ ಅಗತ್ಯವಿಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘದ ಬೆಂಬಲದಲ್ಲಿ ಗೇಣಿದಾರರು, ಅವರಲ್ಲಿ ಬಹುಮಂದಿ ದೀವರ ಸಮುದಾಯದವರು, ಭೂಮಾಲೀಕರೆದುರು ಎದ್ದು ನಿಂತದ್ದು, ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದದ್ದು, ಆ ವರ್ಷದ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ತಾವೇ ಬಂದು ಸತ್ಯಾಗ್ರಹದಲ್ಲಿ ಭಾಗಿಯಾಗಿ ಸೆರೆಯಾದದ್ದು, ಇವೆಲ್ಲ ನಮ್ಮ ಮನೆಮಾತು. ಆದರೆ ಆ ಹೋರಾಟದ ಬುಡದಲ್ಲಿದ್ದ ತಕರಾರು ಎಂಥದೆಂಬುದನ್ನು ಮಾತ್ರ ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಗೇಣಿಯನ್ನು ಕೊಡುವುದಿಲ್ಲವೆಂದು ರೈತರು ಮೊದಲು ಹೇಳಿರಲಿಲ್ಲ. ಗೇಣಿಯ ಬತ್ತವನ್ನು ಅಳೆಯುವ ಕೊಳಗವು ನ್ಯಾಯವಾದ ಕೊಳಗವಾಗಿರಲಿ ಎಂದು ಕೇಳಿದ್ದರು. ಒಡೆಯರ ಮನೆಯಂಗಳದಲ್ಲಿ ಅಳೆದುಕೊಳ್ಳಲು ಇಟ್ಟಿದ್ದ ಕೊಳಗವು ಊರಿನ ಕೊಳಗಕ್ಕಿಂತ ದೊಡ್ಡದು ಎಂಬುದೇ ಅವರ ದೂರು. ಎಷ್ಟು ಕೊಳಗ ಎಂಬ ಸಂಖ್ಯೆಯಲ್ಲಿ ವಿವಾದವೇ ಇಲ್ಲದಿರುವಾಗ, ಸಂಖ್ಯೆಯ ಹಿಂದೆ ಅಡಗಿರುವ ಅಳತೆಯನ್ನು ನೋಡಿದವನ ಬುದ್ಧಿ ಸೂಕ್ಷ್ಮವಾದುದೆಂದು ಒಪ್ಪಬೇಕಾಗುತ್ತದೆ. ಈ ಸೂಕ್ಷ್ಮವನ್ನು ಅಕ್ಷರ ಕಲಿಯದ ಗೇಣಿದಾರನು ಕಂಡುಹಿಡಿದನು. ಗೋಪಾಲಗೌಡರು ಅದನ್ನು ಅವನಿಂದ ಕಲಿತು ಶಾಸನಸಭೆಗೆ ಹೊತ್ತೊಯ್ದರು ಎಂಬುದು ನಾನು ಇಂದು ನಿವೇದಿಸಬೇಕಾಗಿರುವ ಒಂದೇ ಮಾತು. ಉಳಿದುದೆಲ್ಲ ಅದರ ವಿಸ್ತಾರ.

ನಮ್ಮ ಮೈಸೂರು ಸೀಮೆಗೆ ಸಭೆಗಳು ಹೊಸವಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲಬಾರಿಗೆ ಕೂಡಿತು; ಭರತಖಂಡದ ಸಂಸ್ಥಾನಗಳಲ್ಲಿ ಅಂಥ ಪ್ರಯೋಗಕ್ಕೆ ಮೈಸೂರು ಮೊದಲಾಯಿತೆಂದು ನಾವು ಹೆಮ್ಮೆಪಡುವುದು ಯುಕ್ತವೇ. ಆದರೂ ಆ ಸಭೆಯ ಸ್ವರೂಪವನ್ನು ನೆನೆಯಬೇಕು. ದಿವಾನರು ವರ್ಷದ ಆಡಳಿತದ ವರದಿಯನ್ನೋದುವರು. ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು. ಕೆರೆಯ ಏರಿ ಒಡೆದಿದೆ, ಶಾಲೆ ಬೇಕಾಗಿದೆ, ಕಂದಾಯ ಭಾರವಾಗಿದೆ ಎಂದು ಬಿನ್ನಹ ಮಾಡುವರು. ಅನುಗ್ರಹಿಸುವುದೂ ಬಿಡುವುದೂ ಕೇಳಿಸಿಕೊಂಡವರ ಚಿತ್ತಕ್ಕೆ ಸೇರಿದ್ದು. ಮುಂದೆ 1907ರಲ್ಲಿ ಶಾಸನಪರಿಷತ್ತು ಬಂದಿತು, ಅಧಿಕಾರಗಳು ಸ್ವಲ್ಪಸ್ವಲ್ಪವಾಗಿ ಬೆಳೆದವು. ಆ ಇತಿಹಾಸವನ್ನೆಲ್ಲ ಇಲ್ಲಿ ಹೇಳಲಾರೆ. ಬಿನ್ನಹಕ್ಕೂ ಪ್ರಶ್ನೆಗೂ ಇರುವ ಅಂತರವನ್ನು ಮಾತ್ರ ಗಮನಿಸಬೇಕೆಂದು ಬೇಡುತ್ತೇನೆ. ಬಿನ್ನಹ ಮಾಡುವವನು ಒಡೆಯನ ಕೊಳಗವನ್ನು ಒಪ್ಪಿಕೊಂಡು ಒಂದು ಹಿಡಿ ಬತ್ತವನ್ನು ಹಿಂದಕ್ಕೆ ಬೇಡುತ್ತಾನೆ. ಪ್ರಶ್ನೆ ಕೇಳುವವನಾದರೋ ಕೊಳಗವನ್ನೇ ಎತ್ತಿ ನೋಡುತ್ತಾನೆ.

ಸಂವಿಧಾನವು ಜಾರಿಗೆ ಬಂದ ಮೇಲೆ ಈ ಅಂತರವು ಶಾಸನಸಿದ್ಧವಾಯಿತು. ರಾಜ್ಯದ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದು 164ನೆಯ ಅನುಚ್ಛೇದ ಹೇಳುತ್ತದೆ; ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನನ್ನು ಯಾವ ನ್ಯಾಯಾಲಯಕ್ಕೂ ಎಳೆಯಲಾಗದೆಂದು 194ನೆಯದು ಅಭಯವೀಯುತ್ತದೆ. ಆದರೆ ಬರೆದ ಅಭಯವೊಂದು, ಅದನ್ನು ನಂಬಿ ಎದ್ದು ನಿಲ್ಲುವ ಎದೆಗಾರಿಕೆಯೊಂದು. 1952ರ ಮೊದಲ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ 74 ಕಾಂಗ್ರೆಸ್ಸಿಗೆ ಬಂದವು. ಸಮಾಜವಾದಿ ಪಕ್ಷಕ್ಕೆ ಬಂದವು ಮೂರು. ಆ ಮೂವರಲ್ಲಿ ಸಾಗರ ಸೀಮೆಯಿಂದ ಆರಿಸಿಬಂದ ಇಪ್ಪತ್ತೊಂಬತ್ತರ ತರುಣ ಗೋಪಾಲಗೌಡರೊಬ್ಬರು. ವಿದ್ಯಾರ್ಥಿದೆಸೆಯಲ್ಲಿ 1942ರ ಚಳವಳಿಗೆ ಸೇರಿ ಸೆರೆಮನೆಯನ್ನು ಕಂಡಿದ್ದರು, ಕಾಗೋಡಿನ ಕೆಸರನ್ನು ತುಳಿದು ಬಂದಿದ್ದರು, ಕೈಯಲ್ಲಿ ಹಣವಿರಲಿಲ್ಲ. ಒಂದು ಓಟು, ಅದರ ಜೊತೆಗೆ ಒಂದು ರೂಪಾಯಿಯ ನೋಟು ಎಂದು ಮತದಾರರ ಮುಂದೆಯೇ ಸೆರಗೊಡ್ಡಿ ಚುನಾವಣೆಗೆ ನಿಲ್ಲುವ ಪದ್ಧತಿಯೊಂದು ಅವರ ಹೆಸರಿನೊಡನೆ ಈ ಮಲೆನಾಡಿನಲ್ಲಿ ಇಂದಿಗೂ ಸೇರಿಕೊಂಡಿದೆ. ಒಂದು ರೂಪಾಯಿ ಕೊಟ್ಟ ರೈತನು ತನ್ನ ರೂಪಾಯಿಗೆ ಲೆಕ್ಕ ಕೇಳುವ ಅಧಿಕಾರವನ್ನೂ ಇಟ್ಟುಕೊಂಡಿರುತ್ತಾನೆ. ಹಣ ಪಡೆದು ಓಟು ಕೊಟ್ಟವನಿಗೆ ಆ ಅಧಿಕಾರವೆಲ್ಲಿಯದು?

ಮೂವರು ಎಪ್ಪತ್ತನಾಲ್ವರಿಗೆದುರಾಗಿ ಏನು ಮಾಡಿಯಾರು ಎಂದು ಕೇಳಬಹುದು. ಕೈಯೆತ್ತಿ ಎಣಿಸುವ ಹೊತ್ತಿನಲ್ಲಿ ಏನನ್ನೂ ಮಾಡಲಾರರು. ಆದರೆ ಸದನದ ದಿನಚರಿಯಲ್ಲಿ ಕೈಯೆಣಿಕೆಯ ಹೊತ್ತಿಗಿಂತ ಬೇರೆಯಾದ ಹೊತ್ತುಗಳೂ ಇವೆ. ಬೆಳಗಿನ ಪ್ರಶ್ನೋತ್ತರದ ವೇಳೆಯನ್ನೇ ತೆಗೆದುಕೊಳ್ಳಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು. ಆ ಉತ್ತರವನ್ನು ಕಚೇರಿಯ ಗುಮಾಸ್ತರಿಂದ ಮೊದಲುಗೊಂಡು ಕಾರ್ಯದರ್ಶಿಯ ಪರ್ಯಂತ ಹತ್ತು ಕೈಗಳು ತಿದ್ದಿ ನುಣುಪು ಮಾಡಿರುತ್ತವೆ; ಅದರಲ್ಲಿ ಸುಳ್ಳಿರುವುದು ಅಪರೂಪ, ನಿಜವು ಸಿಕ್ಕುವುದೂ ಅಪರೂಪ. ನಿಜವು ಹೊರಬೀಳುವುದು ಅದರ ಬೆನ್ನಿಗೇ ಬರುವ ಉಪಪ್ರಶ್ನೆಯಲ್ಲಿ. ಅದಕ್ಕೆ ಮುನ್ಸೂಚನೆಯಿಲ್ಲ, ಬರೆದುಕೊಟ್ಟ ಉತ್ತರವಿಲ್ಲ. ಇಂತಿಷ್ಟು ಅರ್ಜಿಗಳನ್ನು ವಿಲೇವಾರಿ ಮಾಡಲಾಗಿದೆ ಎಂದು ಮಂತ್ರಿಗಳು ಓದಿದೊಡನೆ, ವಿಲೇವಾರಿಯೆಂದರೆ ಭೂಮಿ ಕೊಟ್ಟದ್ದೋ, ಅರ್ಜಿಯನ್ನು ತಳ್ಳಿಹಾಕಿದ್ದೋ ಎಂದು ಎದುರಿನಿಂದ ಒಬ್ಬನು ಕೇಳಿದನೆಂದುಕೊಳ್ಳಿ. ಇದು ನಾನು ಕಲ್ಪಿಸಿ ಹೇಳುತ್ತಿರುವ ಉದಾಹರಣೆ. ಆದರೆ ವಿಲೇವಾರಿ ಎಂಬ ಶಬ್ದದ ಹೊಟ್ಟೆಯಲ್ಲಿ ಎರಡು ಕೊಳಗಗಳಿರುವುದನ್ನು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾರು ತಾನೆ ಅರಿಯರು? ಆ ಕ್ಷಣದಲ್ಲಿ ಎಪ್ಪತ್ತನಾಲ್ಕು ಎಂಬ ಸಂಖ್ಯೆಯು ಮಂತ್ರಿಯ ನೆರವಿಗೆ ಬರಲಾರದು.

ಆಯವ್ಯಯದ ಕಾಲದಲ್ಲಿಯೂ ಹೀಗೆಯೇ. ಇಲಾಖೆಯೊಂದರ ಕೋಟಿಗಟ್ಟಲೆಯ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕೆಂದು ಸದಸ್ಯನೊಬ್ಬನು ಕಡಿತ ಸೂಚನೆ ಕೊಡಬಹುದು. ಅದು ಇಲಾಖೆಯ ನೀತಿಯನ್ನೇ ಒಪ್ಪೆನೆಂಬುದರ ಚಿಹ್ನೆ. ನೂರು ರೂಪಾಯಿ ಮಾತ್ರ ಕಡಿಮೆಮಾಡಿರೆಂಬ ಸೂಚನೆಯೂ ಉಂಟು. ಅದು ನಿರ್ದಿಷ್ಟವಾದ ಒಂದು ಕುಂದನ್ನು ಎತ್ತಿ ತೋರುವುದಕ್ಕಾಗಿ. ಪಾರ್ಲಿಮೆಂಟರಿ ಪದ್ಧತಿಯ ಈ ಉಪಾಯವು ನನಗೆ ಬಹು ಸುಂದರವಾಗಿ ಕಾಣುತ್ತದೆ. ಬೊಕ್ಕಸದ ಎಷ್ಟೋ ಕೋಟಿಗಳೆದುರು ನೂರು ರೂಪಾಯಿಯನ್ನು ಹಿಡಿದು ನಿಂತ ಸದಸ್ಯನು, ಆ ನೂರರ ನೆಪದಲ್ಲಿ ತನ್ನ ಕ್ಷೇತ್ರದ ಒಂದು ಸೇತುವೆಯನ್ನೋ, ಗೇಣಿದಾರನೊಬ್ಬನ ಒಕ್ಕಲೆಬ್ಬಿಸುವಿಕೆಯನ್ನೋ ಇಡೀ ರಾಜ್ಯದ ಪ್ರಶ್ನೆಯನ್ನಾಗಿ ಮಾಡಬಲ್ಲನು.

ಗೋಪಾಲಗೌಡರು ಸದನದಲ್ಲಿ ಎತ್ತಿದ ಪ್ರಶ್ನೆಗಳಲ್ಲಿ ಮೊದಲ ಸ್ಥಾನ ಭೂಮಿಯದು. ಇಲ್ಲಿ ನಾವು ಎದುರಾಳಿಗಳಿಗೂ ನ್ಯಾಯ ಸಲ್ಲಿಸಬೇಕು. ಆಗ ಕಂದಾಯ ಮಂತ್ರಿಗಳಾಗಿದ್ದ ಕಡಿದಾಳು ಮಂಜಪ್ಪನವರು ಇದೇ ತೀರ್ಥಹಳ್ಳಿ ತಾಲ್ಲೂಕಿನವರು, ಸಜ್ಜನರು, ಗೇಣಿದಾರನ ಕಷ್ಟವನ್ನು ಕಣ್ಣಾರೆ ಕಂಡವರು. 1952ರ ಗೇಣಿ ಶಾಸನವೂ ಇನಾಮು ರದ್ದತಿಯ ಶಾಸನಗಳೂ ಅವರ ಮುತುವರ್ಜಿಯಿಂದ ಬಂದವು. ಒಂದೇ ಮಳೆಯಲ್ಲಿ ನೆನೆದು ಬೆಳೆದ ಇಬ್ಬರು ಸದನದ ಎರಡು ಬದಿಗಳಲ್ಲಿ ಕುಳಿತು ಒಂದೇ ಗೇಣಿದಾರನ ವಿಷಯವಾಗಿ ವಾದಿಸುವಂತಾದದ್ದು ನಮ್ಮ ಜಿಲ್ಲೆಯ ಭಾಗ್ಯವೆನ್ನುತ್ತೇನೆ. ಶಾಸನವನ್ನು ತಂದೆವು ಎನ್ನುವುದು ಸರ್ಕಾರದ ಅಳತೆ. ಶಾಸನದ ಫಲವು ಯಾರ ಅಂಗಳಕ್ಕೆ ಬಂತು ಎನ್ನುವುದು ವಿರೋಧದ ಅಳತೆ. ಮಲೆನಾಡಿನ ಗೇಣಿ ಬಹುಮಟ್ಟಿಗೆ ಬಾಯಿಮಾತಿನದು. ಗೇಣಿಚೀಟಿ ಬರೆದುಕೊಟ್ಟವರು ಕಡಿಮೆ, ರಸೀತಿ ಕೊಟ್ಟವರು ಇನ್ನೂ ಕಡಿಮೆ, ಪಹಣಿಯಲ್ಲಿ ಉಳುವವನ ಹೆಸರಿಲ್ಲ. ಕಾಗದವಿಲ್ಲದವನಿಗೆ ಕಾಗದದ ಮೇಲೆ ಕೊಟ್ಟ ರಕ್ಷಣೆಯು ಹೇಗೆ ತಲುಪೀತು? ಶಾಸನವು ಬರುತ್ತದೆಂಬ ಸುದ್ದಿ ಕೇಳಿಯೇ ಒಕ್ಕಲೆಬ್ಬಿಸಿದ ಒಡೆಯರೂ ಇದ್ದರು. 1961ರ ಭೂಸುಧಾರಣಾ ಶಾಸನವು ಅಂಗೀಕಾರವಾಗಿ ಜಾರಿಗೆ ಬರಲು 1965ರ ಅಕ್ಟೋಬರ್ 2ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ, ಆ ನಾಲ್ಕು ವರ್ಷಗಳಲ್ಲಿ ಎಷ್ಟು ಗದ್ದೆಗಳು ಕೈಬದಲಾಗಿರಬಹುದೆಂಬ ಆಲೋಚನೆಯಿಂದ ಮನಸ್ಸು ಕಹಿಯಾಗುತ್ತದೆ. 1957ರಲ್ಲಿ ಸೋತು, 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದುಬಂದ ಗೋಪಾಲಗೌಡರ ಮಾತಿನಲ್ಲಿ ವರ್ಷದಿಂದ ವರ್ಷಕ್ಕೆ ಕಾವು ಏರಿತೆಂದರೆ ಅದಕ್ಕೆ ಕಾರಣ ಅವರ ಸ್ವಭಾವದಲ್ಲಿ ಮಾತ್ರವೇ ಇತ್ತೆ?

ಅವರದು ಕೆರಳುವ ಸ್ವಭಾವವೆಂಬುದನ್ನು ಮುಚ್ಚಿಡಲಾರೆ. ಸಂಗೀತಕ್ಕೆ ಕರಗುತ್ತಿದ್ದ, ಹೊಸ ಕಾವ್ಯವನ್ನು ಪ್ರೀತಿಸಿ ಓದುತ್ತಿದ್ದ ಆ ಮೃದುಮನಸ್ಸು ಸದನದಲ್ಲಿ ಸಿಡಿಯುತ್ತಿದ್ದುದೂ ಉಂಟು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನ ಹಿಂದೆ ಇದೇ ವ್ಯಕ್ತಿತ್ವವಿದೆಯೆಂದು ಓದುಗರೆಲ್ಲ ಬಲ್ಲರು. ಸದನದ ಮರ್ಯಾದೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಸಿಟ್ಟುಗಳಲ್ಲಿಯೂ ತಾರತಮ್ಯವುಂಟು. ತನ್ನ ಸ್ಥಾನ ಹೋಯಿತೆಂಬ ಸಿಟ್ಟು ಬೇರೆ, ಬೇರೊಬ್ಬನ ಗದ್ದೆ ಹೋಯಿತೆಂಬ ಸಿಟ್ಟು ಬೇರೆ.

ಅವರ ಗುರುಸ್ಥಾನದಲ್ಲಿದ್ದ ಲೋಹಿಯಾ ಅವರು ದಿಲ್ಲಿಯಲ್ಲಿ ಮಾಡಿದ ಒಂದು ವಾದವನ್ನು ಇಲ್ಲಿಯೇ ನೆನೆಯುವುದು ಉಚಿತ. 1963ರ ಆಗಸ್ಟ್‌ನಲ್ಲಿ ಲೋಕಸಭೆಯು ತನ್ನ ಮೊತ್ತಮೊದಲ ಅವಿಶ್ವಾಸ ನಿರ್ಣಯವನ್ನು ಚರ್ಚಿಸಿತು. ಅದನ್ನು ಮಂಡಿಸಿದವರು ಆಚಾರ್ಯ ಕೃಪಲಾನಿ. ಆಗಷ್ಟೇ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಲೋಹಿಯಾ ಎದ್ದು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ನುಡಿದರು. ಹದಿನೈದು ಆಣೆಯೆಂದು ಪ್ರಧಾನಿ ನೆಹರೂ ಉತ್ತರವಿತ್ತರು. ಯಾರ ಅಂಕಿ ಸರಿಯೆಂದು ಪತ್ರಿಕೆಗಳು ಬಹುದಿನ ಚರ್ಚಿಸಿದವು. ನನಗಾದರೋ ಅಲ್ಲಿ ಕಾಗೋಡಿನ ಕೊಳಗವೇ ಕಾಣುತ್ತದೆ. ಹದಿನೈದು ಆಣೆಯೆಂಬುದು ಸರಾಸರಿ. ಸಿರಿವಂತನ ವರಮಾನವನ್ನೂ ಕೂಲಿಯವನ ವರಮಾನವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿ ಅಳೆದದ್ದು. ಕೂಲಿಯವನ ಪಾತ್ರೆಯಲ್ಲಿ ಎಷ್ಟಿದೆಯೆಂದು ಬೇರೆಯಾಗಿ ಅಳೆಯಿರೆಂಬುದು ಲೋಹಿಯಾ ಅವರ ವಾದದ ತಿರುಳು. ನಿರ್ಣಯವೇನೋ 62ಕ್ಕೆ 347ರಂತೆ ಬಿದ್ದುಹೋಯಿತು; ಮೂರಾಣೆಯ ಮಾತು ಮಾತ್ರ ಬೀಳಲಿಲ್ಲ. ಸಾಗರದ ಗೇಣಿದಾರರ ನಡುವೆ ನಿಂತು ಬಂದಿದ್ದವರಿಗೆ ಈ ವಾದವು ಹೊಳೆದದ್ದು ಆಕಸ್ಮಿಕವೆಂದು ನನಗೆ ತೋರದು.

ಭಾಷೆಯೂ ಒಂದು ಕೊಳಗವೇ. ಅರಿಯದ ಭಾಷೆಯಲ್ಲಿ ಕೊಟ್ಟ ಲೆಕ್ಕವನ್ನು ಪರೀಕ್ಷಿಸುವುದೆಂತು? ಕನ್ನಡನಾಡಿನ ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಗೋಪಾಲಗೌಡರು ಸದನದಲ್ಲಿ ಮತ್ತೆ ಮತ್ತೆ ಹಟ ಹಿಡಿದದ್ದನ್ನು ಕೇವಲ ಭಾಷಾಭಿಮಾನವೆಂದು ತಿಳಿದರೆ ಅರ್ಧವನ್ನಷ್ಟೇ ತಿಳಿದಂತಾಗುತ್ತದೆ. ಹಳೆಯ ಮೈಸೂರಿನ ಎಷ್ಟೋ ಮುಖಂಡರು ಏಕೀಕರಣಕ್ಕೆ ಹಿಂದುಮುಂದು ನೋಡುತ್ತಿದ್ದಾಗ ಅವರು ಅಖಂಡ ಕರ್ನಾಟಕದ ಪಕ್ಷ ವಹಿಸಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕೆಂದು ವಾದಿಸಿದರು. 1973ರ ನವೆಂಬರ್ 1ರಂದು ಆ ಹೆಸರು ಬಂದಾಗ ಕೇಳಲು ಅವರಿರಲಿಲ್ಲ. ಅದೇ ಸಮಾಜವಾದಿ ಬಳಗದ ಜೆ.ಎಚ್. ಪಟೇಲರು ಶಿವಮೊಗ್ಗ ಕ್ಷೇತ್ರದಿಂದ 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊದಲಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಅರ್ಥವಾಗದೆಂದು ಗೊಂದಲವೆದ್ದಾಗ, ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರು ಸದಸ್ಯನಿಗೆ ತನ್ನ ಮಾತೃಭಾಷೆಯಲ್ಲಿ ನುಡಿಯುವ ಅವಕಾಶವುಂಟೆಂದು ಎತ್ತಿಹಿಡಿದರು. ಈ ಊರಿನ ಮತಪೆಟ್ಟಿಗೆಯಿಂದ ಹೊರಟ ಕನ್ನಡವು ದಿಲ್ಲಿಯ ಸದನದ ಕಡತ ಸೇರಿತೆಂಬುದು ನಮಗೆ ಸಣ್ಣ ಸಂತೋಷವಲ್ಲ.

ಇಂದಿನ ಮಾತಿಗೆ ಬರುತ್ತೇನೆ. ಬಾರದಿದ್ದರೆ ಭದ್ರಾವತಿಯಿಂದ ಸಂಜೆಯ ಬಸ್ಸು ಹಿಡಿದು ಬಂದಿರುವ ಮಿತ್ರರು ನನ್ನನ್ನು ಕ್ಷಮಿಸಲಾರರು. ಕರ್ನಾಟಕದ ವಿಧಾನಮಂಡಲವೇ 2005ರಲ್ಲಿ ಒಂದು ಶಾಸನವನ್ನು ಮಾಡಿ, ವರ್ಷದಲ್ಲಿ ಕನಿಷ್ಠ 60 ದಿನ ಸದನ ನಡೆಯಬೇಕೆಂದು ವಿಧಿಸಿಕೊಂಡಿತು. ಬಹುತೇಕ ವರ್ಷಗಳಲ್ಲಿ ಆ ಅರುವತ್ತು ತುಂಬಿಲ್ಲ. ಅಧಿವೇಶನದ ಕೊನೆಯ ದಿನಗಳಲ್ಲಿ ಇಲಾಖೆಗಳ ಬೇಡಿಕೆಗಳು ಚರ್ಚೆಯಿಲ್ಲದೆ ಸಾಲಾಗಿ ಒಪ್ಪಿಗೆ ಪಡೆಯುತ್ತವೆ. ನೂರು ರೂಪಾಯಿಯ ಸೂಚನೆಯನ್ನು ಹಿಡಿದು ನಿಲ್ಲುವವನಿಗೆ ನಿಲ್ಲುವ ಹೊತ್ತೇ ದೊರೆಯುವುದಿಲ್ಲ. ಪಕ್ಷಾಂತರವನ್ನು ತಡೆಯಲು 1985ರಲ್ಲಿ ಬಂದ ಸಂವಿಧಾನದ ತಿದ್ದುಪಡಿಯು ಒಳ್ಳೆಯ ಉದ್ದೇಶದ್ದೇ ಆದರೂ, ಆಡಳಿತಪಕ್ಷದ ಸದಸ್ಯನು ತನ್ನದೇ ಸರ್ಕಾರದ ಕೊಳಗವನ್ನು ಎತ್ತಿ ನೋಡುವ ಧೈರ್ಯವನ್ನು ಅದು ಇನ್ನಷ್ಟು ಕುಗ್ಗಿಸಿತೆಂದು ನನ್ನ ಭಾವನೆ. ನಮ್ಮ ಹತ್ತಿರದ ಉದಾಹರಣೆಯನ್ನೇ ನೋಡಿ: ಭದ್ರಾವತಿಯಲ್ಲಿ 1923ರಲ್ಲಿ ಹೊತ್ತಿದ ಕಬ್ಬಿಣದ ಕುಲುಮೆಯೂ, 1937ರಲ್ಲಿ ಕಟ್ಟಿದ ಕಾಗದದ ಕಾರ್ಖಾನೆಯೂ ಈ ಸೀಮೆಯ ಎಷ್ಟು ಸಾವಿರ ಮನೆಗಳ ಒಲೆ ಉರಿಸಿದವೆಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ್ದನ್ನು ಮುಚ್ಚುವ ಮಾತು ಅದರ ನೂರನೆಯ ವರ್ಷದಲ್ಲಿಯೇ ಬಂದಿತು. ನಷ್ಟವಾಗಿದೆ ಎಂಬ ಅಂಕಿಯನ್ನು ನಮ್ಮ ಮುಂದಿಡುತ್ತಾರೆ. ಇರಬಹುದು. ಆದರೆ ಆ ನಷ್ಟ ಎಂದು ಆರಂಭವಾಯಿತು, ಗಣಿಯೂ ಬಂಡವಾಳವೂ ದೊರೆಯದ ವರ್ಷಗಳ ಹೊಣೆ ಯಾರದು, ಕ್ವಾರ್ಟರ್ಸುಗಳಲ್ಲಿ ಉಳಿದ ಕುಟುಂಬಗಳ ನಷ್ಟವನ್ನು ಯಾವ ಪುಟದಲ್ಲಿ ಬರೆದಿದ್ದಾರೆ ಎಂದು ಕೇಳುವ ಉಪಪ್ರಶ್ನೆಗಳು, ಚುನಾವಣೆಯ ವೇದಿಕೆಗಳ ಮೇಲೆ ಕೇಳಿಬಂದಷ್ಟು ಪಟ್ಟಿನಿಂದ, ಅಷ್ಟು ಅಭ್ಯಾಸದಿಂದ ಸದನಗಳಲ್ಲಿ ಕೇಳಿಬಂದಿದ್ದರೆ ಎಂಬ ವ್ಯಥೆ ನನ್ನನ್ನು ಬಿಟ್ಟಿಲ್ಲ.

ಗೋಪಾಲಗೌಡರು ಬದುಕಿದ್ದಾಗ ಅವರ ಪ್ರಶ್ನೆಗಳಿಗೆ ಉತ್ತರ ದೊರೆಯಿತೆ? ದೊರೆಯಲಿಲ್ಲವೆಂದೇ ಹೇಳಬೇಕು. ಅವರು ತೀರಿಕೊಂಡು ಎರಡು ವರ್ಷ ತುಂಬುವ ಮುನ್ನ, ದೇವರಾಜ ಅರಸರ ಸರ್ಕಾರವು ಭೂಸುಧಾರಣಾ ಶಾಸನಕ್ಕೆ ಬಲವಾದ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ತನ್ನ ಹೆಸರಿಗೆ ಬರೆಯಿಸಿಕೊಳ್ಳಲು ಅರ್ಜಿ ಕೊಡುವಂತಾಯಿತು. ಏಳನೆಯ ನಮೂನೆಯ ಆ ಅರ್ಜಿಯನ್ನು ನಮ್ಮ ಕಡೆಯವರು ಡಿಕ್ಲರೇಷನ್ ಎನ್ನುತ್ತಿದ್ದರು. ವಿಚಾರಣೆಗೆ ಭೂನ್ಯಾಯಮಂಡಳಿಗಳಾದವು, ಅವುಗಳ ಮುಂದೆ ವಕೀಲರು ಹಾಜರಾಗುವಂತಿಲ್ಲವೆಂದು ಶಾಸನದಲ್ಲಿಯೇ ವಿಧಿಸಿದ್ದರು. ಎಂದರೆ ಒಡೆಯನೂ ಒಕ್ಕಲೂ ತಂತಮ್ಮ ಬಾಯಿಂದಲೇ ಮಾತನಾಡಬೇಕು.

ನಮ್ಮಜ್ಜ ಡಿಕ್ಲರೇಷನ್ ಹಾಕಿದ್ದರು. ವಿಚಾರಣೆಯ ದಿನ ಒಗೆದ ಪಂಚೆಯುಟ್ಟು, ಕಂಬಳಿಯನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋದವರು, ಹೊರಗಿನ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕಾದಿದ್ದರಂತೆ. ಒಳಗೆ ಕರೆದಾಗ ಮೇಜಿನಾಚೆಗೆ ಕುಳಿತಿದ್ದವರು, ವರ್ಷಕ್ಕೆ ಎಷ್ಟು ಕೊಳಗ ಗೇಣಿ ಕೊಡುತ್ತಿದ್ದೆಯಪ್ಪಾ ಎಂದು ಕೇಳಿದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಜೊತೆಯಲ್ಲಿ ಹೋಗಿದ್ದ ನಮ್ಮ ತಂದೆಗೆ, ಮುದುಕರು ಹೆದರಿ ಮರೆತರೇನೋ ಎಂದು ಎದೆ ಹೊಡೆದುಕೊಂಡಿತಂತೆ. ಆಮೇಲೆ ಅಜ್ಜ ತಲೆಯೆತ್ತಿ, “ಯಾವ ಕೊಳಗದಾಗೆ ಹೇಳ್ಲಿ ಸ್ವಾಮಿ, ನಮ್ದ್ರಾಗೋ, ಅವ್ರದ್ರಾಗೋ?” ಎಂದರು. ಬರೆದುಕೊಳ್ಳಲು ಕುಳಿತಿದ್ದ ಗುಮಾಸ್ತನು ಲೇಖನಿಯನ್ನು ಕೆಳಗಿಟ್ಟು, ಮೇಜಿನಾಚೆಗಿನವರ ಮುಖವನ್ನು ನೋಡಿದನು.